ಆಮೆನ್ ಆದ ಮೇಲಿನ ಮೊದಲ ಮಾತು

ಕರ್ನಾಟಕದ ಕ್ರೈಸ್ತ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಕ್ರಿಸ್ತನಲ್ಲಿ ಪ್ರಿಯ ಬಂಧುಗಳೇ,



ವರ್ಷದ ಕೊನೆ ಹತ್ತಿರ ಬಂತು. ಡಿಸೆಂಬರ್ 31ರ ರಾತ್ರಿ ನಮ್ಮ ದೇವಾಲಯಗಳಲ್ಲಿ ವಾಚ್ ನೈಟ್ ಆರಾಧನೆ ನಡೆಯುತ್ತದೆ. ಸಾಕ್ಷಿ ಹೇಳುವವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬರುತ್ತಾರೆ. ಮಗನಿಗೆ ಕೆನಡಾ ವೀಸಾ ಬಂತು. ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು. ಯಜಮಾನರ ಬೈಪಾಸ್ ಸುಸೂತ್ರವಾಗಿ ಮುಗಿಯಿತು. ಎಷ್ಟೋ ವರ್ಷದಿಂದ ಕೋರ್ಟಿನಲ್ಲಿದ್ದ ಜಾಗದ ಕೇಸು ನಮ್ಮಂತೆ ಆಯಿತು. ಒಂದೊಂದು ಸಾಕ್ಷಿ ಮುಗಿದಾಗಲೂ ಸಭೆ 'ಸ್ತೋತ್ರ' ಎನ್ನುತ್ತದೆ. ನಾನೂ ಎನ್ನುತ್ತೇನೆ, ಮನಸಾರೆ.

ಇದರಲ್ಲಿ ತಪ್ಪೇನೂ ಇಲ್ಲ. ದೊಡ್ಡ ಉಪಕಾರಕ್ಕೆ ದೊಡ್ಡ ದನಿಯಲ್ಲೇ ಕೃತಜ್ಞತೆ ಹೇಳಬೇಕು. ಆದರೆ ಭಾನುವಾರ ಅಯ್ಯನವರು ಕೃತಜ್ಞತಾ ಕಾಣಿಕೆಯ ಕವರುಗಳನ್ನು ಓದುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವ, ಗೃಹಪ್ರವೇಶ, ಪರೀಕ್ಷೆ, ಪ್ರಯಾಣ, ಆಪರೇಷನ್. 'ಈ ವರ್ಷವೂ ನಮ್ಮ ಮನೆಯಲ್ಲಿ ದಿನಾ ಒಲೆ ಉರಿಯಿತು' ಎಂದು ಬರೆದ ಕವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. 'ಹಾಸಿಗೆ ಹಿಡಿದ ಅತ್ತೆಯ ಬಟ್ಟೆಯನ್ನು ನನ್ನ ಹೆಂಡತಿ ಒಂದು ದಿನವೂ ಮುಖ ಸಿಂಡರಿಸದೆ ಒಗೆದಳು' ಎಂಬ ಸಾಕ್ಷಿಯನ್ನೂ ಕೇಳಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಸ್ತೋತ್ರದ ವಿಷಯದಲ್ಲಿ ಆಗಿರುವುದು ಅದೇ.

ಆದ್ದರಿಂದ ಈ ಪತ್ರ ಡಿಸೆಂಬರ್ 31ರ ರಾತ್ರಿಯ ಬಗ್ಗೆ ಅಲ್ಲ. ಯಾವುದೋ ಒಂದು ಮಂಗಳವಾರದ ರಾತ್ರಿಯೂಟದ ಬಗ್ಗೆ.

ನಮ್ಮ ಮನೆಗಳಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಇದೆ. ಪ್ರೊಟೆಸ್ಟೆಂಟರಾಗಲಿ ಕ್ಯಾಥೊಲಿಕರಾಗಲಿ, ಈ ಒಂದು ಅಭ್ಯಾಸ ಇನ್ನೂ ಗಟ್ಟಿಯಾಗಿ ಉಳಿದಿದೆ. ಟಿ.ವಿ. ಸದ್ದು ಒಂದು ನಿಮಿಷ ತಗ್ಗುತ್ತದೆ, ಕೈಗಳು ಕೂಡುತ್ತವೆ, ಮನೆಯ ಹಿರಿಯರು ಕಂಠಪಾಠವಾದ ನಾಲ್ಕು ವಾಕ್ಯ ಹೇಳುತ್ತಾರೆ, ಎಲ್ಲರೂ ಆಮೆನ್ ಎನ್ನುತ್ತಾರೆ. ನಾನು ಹೇಳಬೇಕೆಂದಿರುವುದು ಆಮೆನ್ ಆದ ತಕ್ಷಣ ಬರುವ ಮೊದಲ ಮಾತಿನ ಬಗ್ಗೆ. 'ಇವತ್ತೂ ಬಸಳೆಯಾ?' 'ಸಾರಿಗೆ ಹುಳಿ ಜಾಸ್ತಿಯಾಯಿತು.' 'ಮೊಬೈಲ್ ಇಡು ಅಂದೆನಲ್ಲ.' ಈ ಮಾತು ಬರುವ ಹೊತ್ತಿಗೆ ಅಡುಗೆ ಮಾಡಿದವಳು ಮೇಜಿನ ಬಳಿ ಇರುವುದೂ ಇಲ್ಲ. ಕಡೆಯ ಎರಡು ಚಪಾತಿ ಕಾವಲಿಯ ಮೇಲಿದೆ. ಅವಳು ಚಿಮಟ ಹಿಡಿದುಕೊಂಡೇ, ತಲೆಯ ಮೇಲೆ ಸೆರಗು ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಆಮೆನ್ ಎಂದವಳು. 'ಈ ಆಹಾರಕ್ಕಾಗಿ ಸ್ತೋತ್ರ' ಎಂಬ ವಾಕ್ಯ ಅವಳ ಪಕ್ಕದಿಂದಲೇ ಹಾದು ಪರಲೋಕಕ್ಕೆ ಹೋಯಿತು. ಅವಳಿಗೆ ಸಿಕ್ಕಿದ್ದು ಹುಳಿಯ ದೂರು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನೆಂಟರ ಮನೆಗೆ ಹೊರಟ ಮಕ್ಕಳಿಗೆ ಹೇಳಿಕೊಡುತ್ತೇವೆ. ಸ್ವಂತ ಮನೆಯ ಜಂತೆಯನ್ನು ದಿನಾ ಎಣಿಸುತ್ತೇವೆ.

ಭಾನುವಾರ ಶಾಲೆಯಲ್ಲಿ ಬಹಳ ಕಾಲ ಮಕ್ಕಳಿಗೆ ಪಾಠ ಹೇಳಿದವಳು ನಾನು. ಪ್ರಾರ್ಥನೆ ಮಾಡು ಎಂದರೆ ಏಳು ವರ್ಷದ ಮಗುವೂ 'ನೀನು ಮಾಡಿದ ಸಕಲ ಉಪಕಾರಗಳಿಗಾಗಿ' ಎಂದು ಶುರು ಮಾಡುತ್ತದೆ. ಯಾವ ಉಪಕಾರ ಎಂದು ಕೇಳಿದರೆ ಸುಮ್ಮನಾಗುತ್ತದೆ. ಅದು ಮಗುವಿನ ಭಾಷೆಯಲ್ಲ, ನಮ್ಮದು. ನಾವು ಸಗಟು ವ್ಯಾಪಾರಿಗಳಂತೆ ಸ್ತೋತ್ರವನ್ನು ಮೂಟೆಯಲ್ಲೇ ಕಟ್ಟಿ ಕಳಿಸುತ್ತೇವೆ, ಬಿಡಿಯಾಗಿ ಒಂದನ್ನೂ ಕೈಗೆತ್ತಿಕೊಂಡು ನೋಡುವುದಿಲ್ಲ. ಯಾವುದಕ್ಕೆ, ಯಾರ ಮೂಲಕ ಎಂಬುದು ಅದರಲ್ಲಿ ಇರುವುದೇ ಇಲ್ಲ.

ಪೌಲ ಹೀಗೆ ಮಾಡಲಿಲ್ಲ. ಅವನು ಸಭೆಗಳಿಗೆ ಬರೆದ ಪತ್ರಗಳಲ್ಲಿ ಹೆಚ್ಚಿನವು ವಂದನೆ ಮುಗಿದ ಕೂಡಲೇ ಕೃತಜ್ಞತೆಯಿಂದ ಆರಂಭವಾಗುತ್ತವೆ. ಆ ಕೃತಜ್ಞತೆ ಮನೆ, ಮಠ, ಆರೋಗ್ಯ, ಐಶ್ವರ್ಯಕ್ಕಾಗಿ ಅಲ್ಲ. ಮನುಷ್ಯರಿಗಾಗಿ. ನಿಮ್ಮನ್ನು ನೆನೆದಾಗಲೆಲ್ಲ ದೇವರಿಗೆ ಸ್ತೋತ್ರ ಮಾಡುತ್ತೇನೆ ಎಂದು ದೇವರೊಡನೆ ಹೇಳಿ ಅವನು ಸುಮ್ಮನಿರಲಿಲ್ಲ, ಆ ಮನುಷ್ಯರಿಗೇ ಕಾಗದ ಬರೆದು ತಿಳಿಸಿದ. ಫಿಲಿಪ್ಪಿಯವರಿಗೆ ಹಾಗೆ ಬರೆಯುವಾಗ ಅವನಿದ್ದದ್ದು ಸೆರೆಮನೆಯಲ್ಲಿ. ಅವರು ಎಪಫ್ರೊದೀತನ ಕೈಯಲ್ಲಿ ಕಳಿಸಿಕೊಟ್ಟ ಸಹಾಯವನ್ನು ಆ ಪತ್ರದಲ್ಲಿ ಹೆಸರೆತ್ತಿ ನೆನೆದಿದ್ದಾನೆ. ತಿಮೊಥೆಗೆ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಮರೆಯಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವಂತೂ ಬರೀ ಹೆಸರುಗಳ ಪಟ್ಟಿ ಎಂದು ನಾವು ಓದುವಾಗ ಹಾರಿಸಿಬಿಡುತ್ತೇವೆ. ಅದರಲ್ಲಿ ರೂಫನೆಂಬವನ ತಾಯಿ ಬರುತ್ತಾಳೆ. ಅವಳು ತನಗೂ ತಾಯಿಯಾಗಿದ್ದಳು ಎಂದು ಪೌಲ ಹೇಳುತ್ತಾನೆ. ಯಾವ ಊರಿನಲ್ಲಿ, ಯಾವ ಕಷ್ಟದಲ್ಲಿ, ಏನು ಅಡುಗೆ ಮಾಡಿ ಬಡಿಸಿದಳೋ ಗೊತ್ತಿಲ್ಲ. ಊರೂರು ಅಲೆಯುತ್ತಿದ್ದ ಒಬ್ಬ ಸುವಾರ್ತಿಕನನ್ನು ಮಗನಂತೆ ನೋಡಿಕೊಂಡಳು, ಅದು ಅವನಿಗೆ ನೆನಪಿತ್ತು.

ಇದು ಪತ್ರ ಬರೆಯುವವರ ಬರೀ ಒಕ್ಕಣೆ ಎನ್ನುವವರು ಗಲಾತ್ಯದವರಿಗೆ ಬರೆದ ಪತ್ರವನ್ನು ತೆರೆದು ನೋಡಬೇಕು. ಅಲ್ಲಿ ಕೃತಜ್ಞತೆಯ ಸಾಲೇ ಇಲ್ಲ, ನೇರ ಜಗಳಕ್ಕೆ ಇಳಿಯುತ್ತಾನೆ. ಅಂದರೆ ಬೇರೆ ಕಡೆ ಬರೆದದ್ದನ್ನು ಅವನು ಎಣಿಸಿ, ಯೋಚಿಸಿ ಬರೆದಿದ್ದಾನೆ. ನಮ್ಮ ಸಂಸಾರಗಳಿಗೆ ಇನ್ನೂ ಹತ್ತಿರವಾದದ್ದು ಕೊರಿಂಥದವರಿಗೆ ಬರೆದ ಮೊದಲ ಪತ್ರ. ಆ ಸಭೆಯಲ್ಲಿ ಇರದ ರಗಳೆಯಿಲ್ಲ. ಪಂಗಡ, ಕೋರ್ಟು, ಕರ್ತನ ಭೋಜನದಲ್ಲೂ ಉಳ್ಳವರು ತಿಂದು ಇಲ್ಲದವರು ಹಸಿದಿರುವ ಸ್ಥಿತಿ. ಪೌಲ ಅದೆಲ್ಲವನ್ನೂ ಬಯ್ಯುತ್ತಾನೆ, ಬಿಡುವುದಿಲ್ಲ. ಆದರೆ ಬಯ್ಯುವ ಮೊದಲು ಅವರಲ್ಲಿ ಕಂಡ ದೇವರ ಕೃಪೆಗೆ ಸ್ತೋತ್ರ ಹೇಳುತ್ತಾನೆ. ಮಗ ಶಾಲೆಯಿಂದ ಬಂದ ಕೂಡಲೇ ಮಾರ್ಕ್ಸ್ ಕಾರ್ಡ್ ಕೇಳುವ ನಮಗೆ ಈ ಕ್ರಮ ಗೊತ್ತಿದ್ದರೆ ಒಳ್ಳೆಯದಿತ್ತು. ಯೇಸುಸಭೆಯ ಸ್ಥಾಪಕ ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ದಿನದ ಆತ್ಮಪರಿಶೋಧನೆಯಲ್ಲೂ ಕ್ರಮ ಇದೇ. ಮೊದಲ ಹೆಜ್ಜೆ, ಪಡೆದ ಉಪಕಾರಗಳಿಗೆ ದೇವರಿಗೆ ಕೃತಜ್ಞತೆ. ತಪ್ಪುಗಳ ಲೆಕ್ಕ ಆಮೇಲೆ.

ನನ್ನ ಮಾವನ ವಿಷಯ ಒಂದಿಷ್ಟು ಹೇಳುತ್ತೇನೆ. ಮಿತಭಾಷಿ. ಹೊಗಳಿಕೆ ಎಂಬುದು ಅವರ ಬಾಯಿಂದ ಬಂದದ್ದೇ ಅಪರೂಪ. ಆ ತಲೆಮಾರಿನ ಗಂಡಸರಲ್ಲಿ ಹೆಚ್ಚಿನವರು ಹಾಗೆಯೇ. ಪಾರ್ಶ್ವವಾಯು ಹೊಡೆದು ಬಲಭಾಗ ಸ್ವಾಧೀನ ತಪ್ಪಿದ ಮೇಲೆ ಮುಂದಿನ ಕೋಣೆಯ ಮಂಚವೇ ಅವರ ಲೋಕವಾಯಿತು. ಅವರು ಮೊದಲು ಕುಟುಂಬ ಪ್ರಾರ್ಥನೆ ನಡೆಸುತ್ತಿದ್ದುದು ದೇವಾಲಯದ ಕನ್ನಡದಲ್ಲಿ: ಸರ್ವಶಕ್ತನೂ ಕರುಣಾಸಂಪನ್ನನೂ ಆದ ದೇವರೇ ಎಂದು ಆರಂಭಿಸಿದರೆ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಕಾಯಿಲೆಯಾದ ಮೇಲೆ ಅಷ್ಟು ಉದ್ದದ ವಾಕ್ಯ ನಾಲಿಗೆಗೆ ಒಗ್ಗಲಿಲ್ಲ. ತೊದಲುತ್ತಾ ತುಂಡು ತುಂಡಾಗಿ ಹೇಳತೊಡಗಿದರು. 'ಹಾಲಿನ ಹುಡುಗ ಮಳೆಯಲ್ಲೂ ಬಂದ. ಸ್ತೋತ್ರ. ಮೊಮ್ಮಗ ಪೇಪರ್ ಓದಿ ಹೇಳಿದ. ಸ್ತೋತ್ರ. ಬೆನ್ನು ಇವತ್ತು ಅಷ್ಟು ಉರಿಯಲಿಲ್ಲ. ಸ್ತೋತ್ರ.' ಒಂದು ರಾತ್ರಿ, 'ಸೊಸೆ ಕಾಲಿನ ಉಗುರು ಕತ್ತರಿಸಿದಳು. ಸ್ತೋತ್ರ' ಎಂದರು. ನಾನು ಅಲ್ಲೇ, ಗೋಡೆಗೆ ಒರಗಿ ನಿಂತಿದ್ದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನಗೆ ನೇರವಾಗಿ ಒಂದು ಒಳ್ಳೆಯ ಮಾತು ಹೇಳಿದ್ದು ನನಗೆ ನೆನಪಿಲ್ಲ. ದೇವರಿಗೆ ಹೇಳಿದರು, ನನಗೆ ಕೇಳಿಸುವಂತೆ ಹೇಳಿದರು. ಮರುದಿನ ಅವರ ಬೆನ್ನಿಗೆ ಪೌಡರ್ ಹಾಕುವಾಗ ನನ್ನ ಕೈ ಅಷ್ಟು ಭಾರವಾಗಿರಲಿಲ್ಲ.

ಈ ಪತ್ರದಲ್ಲಿ ನನಗೆ ಹೇಳಲಿಕ್ಕಿರುವುದು ಇಷ್ಟೇ. ನಮ್ಮ ಮನೆಯವರಿಗಾಗಿ ದೇವರಿಗೆ ಕೃತಜ್ಞತೆ ಹೇಳಬೇಕು, ಅದನ್ನು ಅವರ ಹೆಸರು ಹಿಡಿದು, ಅವರ ಕಿವಿಗೆ ಬೀಳುವಂತೆ ಹೇಳಬೇಕು. ಪಕ್ಕದಲ್ಲಿರುವವರನ್ನು ದಾಟಿಕೊಂಡು ಹೋಗುವ ಸ್ತೋತ್ರ ಅರ್ಧ ಸ್ತೋತ್ರ.

ನಮ್ಮ ಕರಾವಳಿಯ ಕ್ಯಾಥೊಲಿಕ್ ಬಂಧುಗಳಲ್ಲಿ ಇದಕ್ಕೆ ಒಂದು ಚೆಂದದ ಹಬ್ಬವೇ ಇದೆ. ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ, ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಕೊಡುತ್ತಾರೆ. ಅದನ್ನು ಮನೆಗೆ ತಂದು, ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಪ್ರಾರ್ಥಿಸಿ, ಹಿರಿಯರ ಕೈಯಿಂದ ಅದನ್ನು ತೆಗೆದುಕೊಂಡ ಮೇಲೆಯೇ ಊಟ. ಮೀನು, ಮಾಂಸವಿಲ್ಲದ ಹಬ್ಬದೂಟ ಮಂಗಳೂರಿನ ಕ್ಯಾಥೊಲಿಕರ ಮನೆಯಲ್ಲಿ ಕಾಣಸಿಗುವ ಅಪರೂಪದ ದಿನ ಅದು. ದೂರದೂರಿನಲ್ಲಿರುವ ಮಕ್ಕಳಿಗೆ ಕವರಿನೊಳಗೆ ನಾಲ್ಕು ಕಾಳು ಇಟ್ಟು ಅಂಚೆಯಲ್ಲಿ ಕಳಿಸುವ ತಾಯಂದಿರಿದ್ದರು. ಇಂದು ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲೂ ಈ ಹಬ್ಬ ನಡೆಯುತ್ತದೆ. ತುಳುವರ ಪುದ್ವಾರ್, ಕೊಡವರ ಪುತ್ತರಿ ಎಲ್ಲವೂ ಇದೇ ಹೊಸ ಅಕ್ಕಿಯ ಬಳಗ. ಈ ಮಣ್ಣಿನ ಕೃತಜ್ಞತೆಯ ರೀತಿಯನ್ನೇ ನಮ್ಮವರೂ ಕ್ರಿಸ್ತನ ಮುಂದೆ ತಂದಿಟ್ಟರು. ಅದೇ ಮನೆಗಳಲ್ಲಿ ರಾತ್ರಿ ಜಪಸರ ಮುಗಿದ ಮೇಲೆ ಮಕ್ಕಳು ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಂದು ಒಬ್ಬೊಬ್ಬರ ಮುಂದೆಯೂ ನಿಂತು 'ಬೆಸಾಂವ್' ಕೇಳುವ ರೂಢಿಯಿದೆ. ಆಶೀರ್ವಾದ ದೇವರದು, ಆದರೆ ಅಜ್ಜಿಯ ಮುಖ ನೋಡಿ ಕೇಳಬೇಕು. ಸಂಜೆ ಏಳರಿಂದ ಒಂಬತ್ತು ಸೀರಿಯಲ್ಲಿಗೂ ಟ್ಯೂಷನ್ನಿಗೂ ಹೋದ ಮೇಲೆ ಈ ರೂಢಿ ಸಡಿಲವಾಗಿದೆ. ಇದ್ದವರು ಬಿಡಬೇಡಿ.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದ ಗೌಜಿಯೂ ನಿಮಗೆ ಗೊತ್ತು. ಬಾಳೆಗೊನೆ, ಕುಂಬಳಕಾಯಿ, ಕೋಳಿ, ಕೇಕು ಎಲ್ಲವೂ ಹರಾಜಿಗೆ ಬರುತ್ತವೆ. ಒಂದು ತೆಂಗಿನಕಾಯಿ ಪೇಟೆಯ ಬೆಲೆಯ ಹತ್ತಾರು ಪಟ್ಟಿಗೆ ಹೋಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಖುಷಿಯ ದಿನ. ಆದರೆ ವರ್ಷಕ್ಕೊಮ್ಮೆ. ಮಿಜೋರಾಮಿನ ಕ್ರೈಸ್ತ ಹೆಂಗಸರು ಇಂಥ ಕೃತಜ್ಞತೆಯ ಕಾಣಿಕೆಯನ್ನು ದಿನಕ್ಕೆ ಎರಡು ಸಲ ತೆಗೆದಿಡುತ್ತಾರೆ. ಬುಹ್‌ಫಾಯ್ ಥಮ್ ಎಂಬ ಹಿಡಿ ಅಕ್ಕಿ ಕಾಣಿಕೆ ಅಲ್ಲಿ 1910ರಲ್ಲಿ ಶುರುವಾಯಿತು. ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವುದು, ತುಂಬಿದ್ದನ್ನು ಸಭೆಗೆ ಕೊಡುವುದು, ಅದನ್ನು ಮಾರಿ ಬಂದ ಹಣದಲ್ಲಿ ಸುವಾರ್ತಾ ಸೇವೆ ನಡೆಸುವುದು. ಕೊಡಲು ಕಾಸಿಲ್ಲದ ಬಡ ಗುಡ್ಡಗಾಡಿನಲ್ಲಿ ಹುಟ್ಟಿದ ಈ ಪದ್ಧತಿಯಿಂದ ಈಗ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ. ಕೇರಳದ ಪಿಡಿಯರಿಯೂ ಇದೇ ಜಾತಿಯದು. ನನಗೆ ಹಿಡಿಸುವುದು ಕೋಟಿಯ ಲೆಕ್ಕವಲ್ಲ. ಒಲೆಯ ಮುಂದೆ ನಿಂತ ಹೆಂಗಸು ದಿನಾ ಎರಡು ಸಲ, 'ಇವತ್ತೂ ಅಳೆಯಲು ಅಕ್ಕಿಯಿದೆ' ಎಂದು ತನ್ನ ಮುಷ್ಟಿಯಿಂದಲೇ ಹೇಳುತ್ತಾಳಲ್ಲ, ಅದು.

ಇಷ್ಟು ಓದಿ ನಿಮ್ಮಲ್ಲಿ ಕೆಲವರು ಪತ್ರವನ್ನು ಪಕ್ಕಕ್ಕಿಡಲು ಹೊರಟಿರಬಹುದು. 'ನಮ್ಮ ಮನೆಯ ಸ್ಥಿತಿ ನಿಮಗೇನು ಗೊತ್ತು? ಸ್ತೋತ್ರ ಹೇಳಲು ಇಲ್ಲೇನಿದೆ?' ಕುಡಿದು ಬಂದು ಹೊಡೆಯುವ ಗಂಡ, ಕರೆ ಮಾಡದ ಮಗ, ಮೈಕ್ರೋಫೈನಾನ್ಸಿನ ಕಂತು, ಹೆತ್ತ ಮಗಳ ಹೆಸರನ್ನೇ ಮರೆತ ತಾಯಿ. ಇಂಥ ಮನೆಗಳು ನಮ್ಮ ಪ್ರತಿ ಸಭೆಯಲ್ಲೂ ಇವೆ. ಅವರು ಸಾಕ್ಷಿ ಹೇಳಲು ಮೈಕಿನ ಮುಂದೆ ಬರುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಬೇಗ ಎದ್ದು ಹೋಗುತ್ತಾರೆ. ಅವರಿಗೆ ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಅವರಿಗೆ ಉಪದೇಶ ಮಾಡುವ ಉಳಿದವರಿಗೆ ಎರಡು ಮಾತು ಹೇಳುವುದಿದೆ.

ಒಂದು, ಕೃತಜ್ಞತೆಯನ್ನು ಬಾಯಿಮುಚ್ಚಿಸುವ ಬಟ್ಟೆಯಾಗಿ ಬಳಸಬೇಡಿ. ಏಟು ತಿಂದು ತವರಿಗೆ ಬಂದ ಹುಡುಗಿಗೆ, 'ಇದ್ದುದರಲ್ಲಿ ದೇವರಿಗೆ ಸ್ತೋತ್ರ ಹೇಳಿ ಹೊಂದಿಕೊಂಡು ಹೋಗಮ್ಮ' ಎಂದು ಬುದ್ಧಿ ಹೇಳಿ ಅದೇ ಮನೆಗೆ ವಾಪಸ್ ಕಳಿಸಿದ ಹಿರಿಯರನ್ನು ನಾನು ನೋಡಿದ್ದೇನೆ. ಪೌಲ ಸೀಲರ ಕಥೆಯನ್ನೇ ಅವರು ಉದಾಹರಣೆಗೆ ಕೊಟ್ಟದ್ದೂ ಉಂಟು: ಬೆತ್ತದ ಏಟು ತಿಂದು, ಕಾಲುಗಳನ್ನು ಕೋಳಕ್ಕೆ ಸಿಕ್ಕಿಸಿಕೊಂಡು, ನಡುರಾತ್ರಿ ದೇವರಿಗೆ ಹಾಡಿದರಲ್ಲ, ನೀನೂ ಹಾಡು ಎಂದು. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು. ರಾತ್ರಿ ಹಾಡಿದ ಪೌಲನೇ ಬೆಳಿಗ್ಗೆ ಹಠ ಹಿಡಿದ. ಸದ್ದಿಲ್ಲದೆ ಹೊರಟುಹೋಗಿ ಎಂದು ಅಧಿಕಾರಿಗಳು ಹೇಳಿಕಳಿಸಿದಾಗ ಅವನು ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆಸಿದಿರಿ, ಈಗ ಗುಟ್ಟಾಗಿ ಕಳಿಸುತ್ತೀರಾ, ನೀವೇ ಬಂದು ಕರೆದುಕೊಂಡು ಹೋಗಿ ಎಂದ. ಅವರು ಬಂದು ಕ್ಷಮೆ ಕೇಳುವ ಹಾಗಾಯಿತು. ದೇವರಿಗೆ ಸ್ತೋತ್ರ ಹೇಳುವ ಬಾಯಿಯೇ ಅನ್ಯಾಯವನ್ನು ಅನ್ಯಾಯ ಎಂದೂ ಹೇಳಬಹುದು, ಹೇಳಬೇಕು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಾಟ, ದೂರು, ಪ್ರಶ್ನೆ. ಅವನ್ನು ಪ್ರಾರ್ಥನೆಯ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತ, ಸಮಾಧಿಯ ಮುಂದೆ ನಿಂತು ತಂದೆಗೆ ಸ್ತೋತ್ರವನ್ನೂ ಹೇಳಿದ. ಅಳು ಮುಗಿಯಲಿ ಎಂದು ಸ್ತೋತ್ರ ಕಾಯಲಿಲ್ಲ, ಸ್ತೋತ್ರ ಹೇಳಬೇಕೆಂದು ಅಳುವನ್ನು ನುಂಗಿಕೊಳ್ಳಲಿಲ್ಲ.

ಎರಡು, ಇನ್ನೊಬ್ಬರ ಕಷ್ಟಕ್ಕೆ ಹೋಲಿಸಿಕೊಂಡು ಸ್ತೋತ್ರ ಹೇಳಬೇಡಿ. 'ಅವರ ಮಗಳ ಹಾಗೆ ನಮ್ಮವಳು ಓಡಿಹೋಗಲಿಲ್ಲ, ದೇವರಿಗೆ ಸ್ತೋತ್ರ.' 'ಆ ಬಸ್ಸಿನಲ್ಲೇ ನಮ್ಮ ಹುಡುಗ ಹೋಗಬೇಕಿತ್ತು, ಕರ್ತನು ತಪ್ಪಿಸಿದ.' ಆ ಬಸ್ಸಿನಲ್ಲಿ ಹೋದವರ ತಾಯಿಗೂ ಒಬ್ಬ ಕರ್ತನಿದ್ದಾನೆ ಎಂಬುದು ಇಂಥ ಹೊತ್ತಿನಲ್ಲಿ ಮರೆತುಹೋಗುತ್ತದೆ. ಯೇಸು ಹೇಳಿದ ಸಾಮ್ಯವೊಂದರಲ್ಲಿ ದೇವಾಲಯದಲ್ಲಿ ನಿಂತು ಸ್ತೋತ್ರ ಸಲ್ಲಿಸುವ ಒಬ್ಬ ಮನುಷ್ಯ ಬರುತ್ತಾನೆ. ಬಾಯ್ತುಂಬ ಕೃತಜ್ಞತೆ: ತಾನು ಉಳಿದವರ ಹಾಗಿಲ್ಲ, ಆ ಸುಂಕದವನ ಹಾಗಂತೂ ಇಲ್ಲವೇ ಇಲ್ಲ ಎಂದು. ಫರಿಸಾಯನ ಆ ಪ್ರಾರ್ಥನೆಗೆ ಯೇಸು ಮೆಚ್ಚುಗೆ ಕೊಡಲಿಲ್ಲ. ನೆರೆಯವರಿಗಿಂತ ಮೇಲಿದ್ದೇವೆ ಎಂಬ ಸಮಾಧಾನವನ್ನು ನಾವು ಎಷ್ಟೋ ಸಲ ಕೃತಜ್ಞತೆ ಎಂದು ತಿಳಿದುಕೊಂಡಿರುತ್ತೇವೆ.

ಹಾಗಾದರೆ ಕಷ್ಟದ ಮನೆಯಲ್ಲಿ ಕೃತಜ್ಞತೆ ಹೇಗಿರುತ್ತದೆ? ಜರ್ಮನಿಯ ಸ್ಯಾಕ್ಸನಿಯಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ ಅಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ ಇದ್ದ. ಕೋಟೆಯೊಳಗಿನ ಊರಾದ್ದರಿಂದ ಸುತ್ತಲಿನ ನಿರಾಶ್ರಿತರೆಲ್ಲ ಅಲ್ಲಿಗೆ ಬಂದು ತುಂಬಿದ್ದರು. 1636ರ ಹೊತ್ತಿಗೆ ರಿಂಕಾರ್ಟ್ ಒಂದು ಕೃತಜ್ಞತಾ ಗೀತೆ ಬರೆದ. ಬರೆದದ್ದು ದೇವಾಲಯದ ದೊಡ್ಡ ಆರಾಧನೆಗಲ್ಲ, ತನ್ನ ಮನೆಯವರು ಊಟದ ಮೇಜಿನಲ್ಲಿ ಹೇಳಲಿ ಎಂದು. ಮಾರನೆಯ ವರ್ಷ, 1637ರಲ್ಲಿ, ಊರಿಗೆ ಪ್ಲೇಗ್ ಬಂತು. ಜೊತೆಯ ಪಾದ್ರಿಗಳು ಇಲ್ಲವಾದ ಮೇಲೆ ಹೂಳುವ ಕೆಲಸವೆಲ್ಲ ಅವನೊಬ್ಬನ ಮೇಲೆ ಬಿತ್ತು. ಒಂದೇ ದಿನ ನಲವತ್ತು ಐವತ್ತು ಶವಸಂಸ್ಕಾರ. ಆ ವರ್ಷ ಅವನು ಹೂಳಿದವರು 4,000ಕ್ಕೂ ಹೆಚ್ಚು, ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಆಮೇಲೆ ಬರಗಾಲ. ಬಾಗಿಲಿಗೆ ಬಂದವರಿಗೆ ಊಟ ಹಾಕಲು ತನ್ನ ಮುಂದಿನ ವರಮಾನವನ್ನೇ ಒತ್ತೆಯಿಟ್ಟ. ಆ ಹಾಡನ್ನು ಇಂದಿಗೂ ಲೋಕದ ಅನೇಕ ಭಾಷೆಯ ಸಭೆಗಳಲ್ಲಿ ಹಾಡುತ್ತಾರೆ. ಸುಖದ ಹೊಟ್ಟೆಯಿಂದ ಬಂದ ಹಾಡು ಅದಲ್ಲ. ಹೊರಗೆ ಯುದ್ಧವಿದ್ದಾಗ ಒಳಗೆ ಮೇಜಿನ ಸುತ್ತ ಇನ್ನೂ ಉಳಿದಿದ್ದವರ ಮುಖ ನೋಡಿ ಬಂದದ್ದು. ಸಾವಿಗೆ ಅವನು ಸ್ತೋತ್ರ ಹೇಳಲಿಲ್ಲ. ಸಾವಿನ ಊರಿನಲ್ಲಿದ್ದೂ ರೊಟ್ಟಿಗೆ, ಮಕ್ಕಳಿಗೆ ಸ್ತೋತ್ರ ಹೇಳಿದ, ಆಮೇಲೆ ಆ ರೊಟ್ಟಿಯನ್ನು ಹಂಚಿದ.

ಇನ್ನು ಕೆಲವು ಕೋರಿಕೆಗಳು.

ಮನೆಯ ಯಜಮಾನರಲ್ಲಿ ಮೊದಲ ಕೋರಿಕೆ. ಒಲೆ ಆರಿಸಿ, ಎಲ್ಲರೂ ಕೂತ ಮೇಲೆಯೇ ಊಟದ ಪ್ರಾರ್ಥನೆ ಶುರು ಮಾಡಿ. ಚಪಾತಿ ಆರಿದರೆ ಆರಲಿ. ಬಡಿಸುವವರೊಬ್ಬರು ನಿಂತೇ ಇರಬೇಕು ಎಂಬ ನಿಯಮವನ್ನು ಕ್ರಿಸ್ತನು ಮಾಡಲಿಲ್ಲ. ಅವನು ಕಡೆಯ ಊಟದ ರಾತ್ರಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದವನು. ಪ್ರಾರ್ಥನೆಯ ನಾಲ್ಕು ಕಂಠಪಾಠದ ವಾಕ್ಯಗಳಿಗೆ ಆ ದಿನದ ಒಂದು ವಾಕ್ಯ ಸೇರಿಸಿ: ಇವತ್ತು ಯಾರು, ಏನು ಮಾಡಿದರು. ಅಡುಗೆ ಮಾಡಿದವರ ಹೆಸರು ಹೇಳಿ. ಊಟವಾದ ಮೇಲೆ ತಟ್ಟೆ ತೊಳೆಯಿರಿ. ಕೈಕಾಲು ಆಡಿಸದ ಕೃತಜ್ಞತೆಯನ್ನು ಹೆಂಡಂದಿರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ತಾಯಂದಿರೇ, ನಿಮಗೂ ಒಂದು ಮಾತು. ಗಂಡ ತಂದ ತರಕಾರಿಯಲ್ಲಿ ಹುಳುಕು ಬದನೆ ಒಂದಿದ್ದರೆ ಅದನ್ನೇ ಮೊದಲು ಎತ್ತಿ ತೋರಿಸುವುದರಲ್ಲಿ ನಾವೂ ಗಟ್ಟಿಗರು. ಸೊಸೆಯ ವಿಷಯದಲ್ಲಂತೂ ಹೇಳುವುದೇ ಬೇಡ. ನೊವೊಮಿ ಮತ್ತು ರೂತಳ ಕಥೆಯನ್ನು ಮದುವೆಯ ಮನೆಯಲ್ಲಿ ಮಾತ್ರ ಓದಿಸಿದರೆ ಸಾಲದು. ಸೊಸೆ ಆಫೀಸಿನಿಂದ ಬಂದು ಚಪ್ಪಲಿ ಬಿಚ್ಚುವ ಹೊತ್ತಿನಲ್ಲಿ ಅದು ನೆನಪಾಗಬೇಕು.

ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಪ್ರಾರ್ಥನೆ ನಡೆಸುವ ಸರದಿ ಕೊಡಿ, ತಿದ್ದಬೇಡಿ. 'ಆಟೋ ಅಂಕಲ್ ಇವತ್ತು ನನ್ನ ಬ್ಯಾಗ್ ಹಿಡಿದುಕೊಂಡರು, ಸ್ತೋತ್ರ' ಎಂದು ಮಗು ಹೇಳಿದರೆ ಅದು ಪೂರ್ಣ ಪ್ರಾರ್ಥನೆ. ಹಾಗೆ ಬರುವ ಹೆಸರುಗಳು ಮನೆಯ ಗೋಡೆ ದಾಟಲಿ. ಬೆಳಿಗ್ಗೆ ಆರಕ್ಕೆ ಬೀದಿ ಗುಡಿಸುವ ಪೌರಕಾರ್ಮಿಕರು, ಪೋಲಿಯೋ ಹನಿ ಹಾಕಲು ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ, ನಮ್ಮ ಮನೆಯ ಪಾತ್ರೆ ತೊಳೆದು ತನ್ನ ಮನೆಯ ಪಾತ್ರೆ ತೊಳೆಯಲು ಓಡುವ ಹೆಂಗಸು. ಅವರು ಯಾವ ಧರ್ಮದವರಾದರೂ ನಮ್ಮ ಮಟ್ಟಿಗೆ ದೇವರ ಉಪಕಾರವೇ. ಅವರ ಹೆಸರು ಪ್ರಾರ್ಥನೆಯಲ್ಲಿ ಬಂದರೆ, ಸಂಬಳವೂ ಹೊತ್ತಿಗೆ ಸರಿಯಾಗಿ ಹೋಗಬೇಕು.

ಸಭಾಪಾಲಕರೇ, ಗುರುಗಳೇ, ಸಾಕ್ಷಿಯ ಸಮಯದಲ್ಲಿ ಒಮ್ಮೆಯಾದರೂ ಹೀಗೆ ಹೇಳಿ ನೋಡಿ: ಇಂದು ಯಾರೂ ಸೀಟು, ವೀಸಾ, ಸೈಟುಗಳ ಮಾತು ಎತ್ತಬಾರದು, ಮನೆಯಲ್ಲಿ ನಿಮ್ಮನ್ನು ಸಹಿಸಿಕೊಂಡ ಒಬ್ಬರ ಬಗ್ಗೆ ಮಾತ್ರ ಹೇಳಬೇಕು. ಆರಂಭದಲ್ಲಿ ಯಾರೂ ಏಳಲಿಕ್ಕಿಲ್ಲ. ಕಾಯಿರಿ. ಹಿಂದಿನ ಬೆಂಚಿನಿಂದಲೂ ಯಾರಾದರೂ ಎದ್ದಾರು. ಏಳದೆ ಕೂತವರ ಮನೆಗೆ ಆ ವಾರ ಹೋಗಿ ಬನ್ನಿ. ಹಾಡಲಾಗದವರಿಗಾಗಿ ಹಾಡುವುದೂ ಅವರ ನ್ಯಾಯಕ್ಕಾಗಿ ಜೊತೆಗೆ ನಿಲ್ಲುವುದೂ ಸಭೆಯ ಕೆಲಸ.

ಕೊನೆಯದಾಗಿ ಎಲ್ಲರಿಗೂ. ನಮ್ಮಲ್ಲಿ ಒಳ್ಳೆಯ ಮಾತುಗಳು ಹೆಚ್ಚಾಗಿ ಹೊರಬರುವುದು ಶವಸಂಸ್ಕಾರದ ಆರಾಧನೆಯಲ್ಲಿ. ಅಮ್ಮ ಎಷ್ಟು ದುಡಿದಳು, ಅಪ್ಪ ಎಷ್ಟು ಸಹಿಸಿದರು, ಅಣ್ಣ ತನ್ನ ಓದು ಬಿಟ್ಟು ನಮ್ಮನ್ನು ಓದಿಸಿದ, ಎಲ್ಲವನ್ನೂ ಅಲ್ಲಿ ಹೇಳುತ್ತೇವೆ, ಅತ್ತು ಹೇಳುತ್ತೇವೆ. ಕೇಳಬೇಕಾದವರಿಗೆ ಮಾತ್ರ ಆಗ ಕೇಳಿಸುವುದಿಲ್ಲ. ಕೇಳಿಸುವ ಕಿವಿಗಳು ಈಗ ಮನೆಯಲ್ಲಿವೆ. ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ, ಗಟ್ಟಿಯಾಗಿ ಹೇಳಿ, ಈ ವಾರವೇ ಶುರು ಮಾಡಿ.

ಕ್ರಿಸ್ತನ ಸೇವೆಯಲ್ಲಿ ನಿಮ್ಮ ಸಹೋದರಿ,
ನಿವೃತ್ತ ಶಿಕ್ಷಕಿ, ಮಂಗಳೂರು